ಕಾಫಿ ಪೂಲ್ ಮುಚ್ಚಿದ್ದೇಕೆ, ಮುಚ್ಚಿದ ಮೇಲೆ ಆದದ್ದೇನು?

ಫೆಬ್ರುವರಿಯ ಮಧ್ಯಾಹ್ನ ಮಲೆನಾಡಿನ ಯಾವ ಕಾಫಿ ಕಣಕ್ಕೆ ಹೋದರೂ ಈ ದೃಶ್ಯ ಕಾಣಸಿಗುತ್ತದೆ. ರೋಬಸ್ಟಾ ಹಣ್ಣು ಒಣಗಿ ಕಪ್ಪಾಗಿದೆ, ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಜೀಪಿನಿಂದ ಇಳಿದ ವ್ಯಾಪಾರಿ ನಾಲ್ಕಾರು ಮೂಟೆಗಳಿಂದ ಒಂದೊಂದು ಹಿಡಿ ತೆಗೆದು ಬೆರೆಸುತ್ತಾನೆ. ಅದರಲ್ಲಿ ಸ್ವಲ್ಪವನ್ನು ತೂಗಿ, ಪುಟ್ಟ ಯಂತ್ರದಲ್ಲಿ ಸಿಪ್ಪೆ ಬಿಡಿಸಿ, ಒಳಗಿನ ಬೀಜವನ್ನು ಮತ್ತೆ ತೂಗುತ್ತಾನೆ. ತೇವ ನೋಡುವ ಮೀಟರಿಗೂ ಒಂದಿಷ್ಟು ಸುರಿಯುತ್ತಾನೆ. ಬೆಳೆಗಾರನ ಕಣ್ಣು ಪೂರ್ತಿ ಆ ತಕ್ಕಡಿಯ ಮೇಲೆ. ‘ಓಟಿ 27’ ಅನ್ನುತ್ತಾನೆ ವ್ಯಾಪಾರಿ. ಓಟಿ ಎಂದರೆ ಔಟ್ ಟರ್ನ್. ಅಂದರೆ 50 ಕಿಲೋ ಚೆರಿ (ಸಿಪ್ಪೆಸಮೇತ ಒಣಗಿದ ಹಣ್ಣು) ಮೂಟೆಯನ್ನು ಸಿಪ್ಪೆ ಬಿಡಿಸಿದರೆ 27 ಕಿಲೋ ಬೀಜ ಸಿಗುತ್ತದೆ ಎಂದು ಲೆಕ್ಕ. ಅಂದಿನ ದರದ ಮೇಲೆ ಸ್ವಲ್ಪ ಚೌಕಾಸಿ ನಡೆಯುತ್ತದೆ. ಒಪ್ಪಿಗೆಯಾದರೆ ಸಂಜೆಯೊಳಗೆ ಮೂಟೆಗಳು ಲಾರಿ ಏರುತ್ತವೆ.

1992ಕ್ಕಿಂತ ಮೊದಲು ಇದೇ ವ್ಯಾಪಾರ ಇದೇ ಕಣದಲ್ಲಿ ನಡೆದಿದ್ದರೆ ಅದು ಕಾನೂನಿನ ಪ್ರಕಾರ ಅಪರಾಧ. ಬೆಳೆದವನಿಗೆ ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವ ಹಕ್ಕಿರಲಿಲ್ಲ. ಮನೆಯ ಬಳಕೆಗೆ ಮತ್ತು ಬಿತ್ತನೆಗೆ ಬಿಟ್ಟು ಉಳಿದ ಅಷ್ಟನ್ನೂ ಕಾಫಿ ಬೋರ್ಡಿನ ‘ಪೂಲ್’ಗೆ ಹಾಕಬೇಕಿತ್ತು.

1991ರ ಆರ್ಥಿಕ ಸುಧಾರಣೆ ಎಂದ ಕೂಡಲೇ ನಮಗೆ ನೆನಪಾಗುವುದು ವಿಮಾನದಲ್ಲಿ ಲಂಡನ್ನಿಗೆ ಹೋದ ಚಿನ್ನ, ಮನಮೋಹನ ಸಿಂಗ್ ಅವರ ಬಜೆಟ್, ಲೈಸೆನ್ಸ್ ರಾಜ್ಯದ ಅಂತ್ಯ, ಬೆಂಗಳೂರಿನ ಸಾಫ್ಟ್‌ವೇರ್. ಇವೆಲ್ಲ ನಗರದ ಕಥೆಗಳು. ಭತ್ತ, ಗೋಧಿ, ಕಬ್ಬಿನಂಥ ದೊಡ್ಡ ಬೆಳೆಗಳ ವ್ಯವಸ್ಥೆಗೆ ಆ ಸುಧಾರಣೆ ಹೆಚ್ಚು ಕೈಹಾಕಲಿಲ್ಲ. ಆದರೆ ಕಾಫಿಯಲ್ಲಿ ಅದು ಬುಡದಿಂದ ತುದಿಯವರೆಗೆ ನಡೆಯಿತು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ, ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳಲ್ಲಿ. ಹಾಗಾಗಿ ಸುಧಾರಣೆ ಎಂದರೆ ನಿಜವಾಗಿ ಏನು, ಅದರಲ್ಲಿ ಯಾರ ಕೈಯಿಂದ ಯಾರ ಕೈಗೆ ಏನು ದಾಟುತ್ತದೆ ಎಂದು ತಿಳಿಯಬೇಕಾದರೆ ನಮ್ಮ ಕಾಫಿ ಕಣಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ: ಪೂಲ್ ಮುಚ್ಚಿದಾಗ ಬೆಳೆಗಾರನ ಕೈಗೆ ಬಂದದ್ದು ಎರಡು ವಸ್ತು. ಒಂದು, ಬೆಲೆ. ಇನ್ನೊಂದು, ಆ ಬೆಲೆ ಬಿದ್ದಾಗಿನ ನಷ್ಟ. ಮೊದಲನೆಯದನ್ನು ಎಲ್ಲರೂ ಹೊಗಳಿದರು. ಎರಡನೆಯದಕ್ಕೆ ಯಾರೂ ಸರಿಯಾದ ಏರ್ಪಾಡು ಮಾಡಲಿಲ್ಲ.

ಈ ಪೂಲ್ ಹುಟ್ಟಿದ್ದು ದುರಾಸೆಯಿಂದಲ್ಲ, ಕಷ್ಟದಿಂದ. ಎರಡನೇ ಮಹಾಯುದ್ಧ ಶುರುವಾದಾಗ ಭಾರತದ ಕಾಫಿ ಕೊಳ್ಳುತ್ತಿದ್ದ ಯುರೋಪಿನ ಬಂದರುಗಳು ಮುಚ್ಚಿಕೊಂಡವು. ಬೆಳೆ ಗೋದಾಮಿನಲ್ಲಿ ಉಳಿಯಿತು, ಬೆಲೆ ಕುಸಿಯಿತು. 1940ರಲ್ಲಿ ಸುಗ್ರೀವಾಜ್ಞೆ ಬಂತು, 1942ರಲ್ಲಿ ಅದೇ ಕಾಫಿ ಕಾಯ್ದೆಯಾಯಿತು. ಎಲ್ಲರ ಕಾಫಿಯನ್ನೂ ಒಂದೆಡೆ ಕೂಡಿಸಿ, ಒಬ್ಬರೇ ಮಾರಿ, ಬಂದ ಹಣವನ್ನು ಹಂಚಿಕೊಂಡರೆ ಯಾರೂ ಮುಳುಗುವುದಿಲ್ಲ ಎಂಬುದು ಅದರ ತರ್ಕ. ಬೆಂಗಳೂರಿನ ಕಾಫಿ ಬೋರ್ಡಿಗೆ ಆ ಕೆಲಸ ವಹಿಸಲಾಯಿತು. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು, ಪೂಲ್ ಮಾತ್ರ ಉಳಿಯಿತು.

ಅದು ನಡೆಯುತ್ತಿದ್ದ ಬಗೆ ಹೀಗೆ. ಬೆಳೆಗಾರ ತನ್ನ ಚೆರಿಯನ್ನೋ ಪಾರ್ಚ್‌ಮೆಂಟನ್ನೋ (ತಿರುಳು ತೆಗೆದು ಒಣಗಿಸಿದ ಬೀಜ) ಬೋರ್ಡ್ ಗೊತ್ತುಮಾಡಿದ ಕ್ಯೂರಿಂಗ್ ವರ್ಕ್ಸಿಗೆ, ಅಂದರೆ ಕಾಫಿ ಸಂಸ್ಕರಣೆಯ ಕಾರ್ಖಾನೆಗೆ ಸಾಗಿಸಿ ರಸೀದಿ ಪಡೆಯುತ್ತಾನೆ. ಅಲ್ಲಿ ಅದನ್ನು ಸಿಪ್ಪೆ ಬಿಡಿಸಿ, ಗಾತ್ರ ಮತ್ತು ಗುಣದ ಮೇಲೆ ವಿಂಗಡಿಸಿ ದರ್ಜೆ ಕೊಡುತ್ತಾರೆ. ಪ್ರತಿ ದರ್ಜೆಗೂ ಇಷ್ಟು ‘ಪಾಯಿಂಟ್’ ಎಂದು ನಿಗದಿ. ಕಾಫಿ ಕೊಟ್ಟ ಕೂಡಲೇ ಸಿಗುವುದು ಮೊದಲ ಕಂತು ಮಾತ್ರ. ಬೋರ್ಡ್ ಆ ಕಾಫಿಯನ್ನು ಹರಾಜಿನಲ್ಲಿ ಮಾರುತ್ತದೆ. ರಫ್ತಿಗೆ ಒಂದು ಹರಾಜು, ದೇಶದ ಒಳಗಿನ ಬಳಕೆಗೆ ಇನ್ನೊಂದು. ಮಾರಾಟ ಸಾಗಿದ ಹಾಗೆ ಎರಡನೇ ಕಂತು, ಮೂರನೇ ಕಂತು ಬರುತ್ತವೆ. ಆ ವರ್ಷದ ಪೂಲ್ ಪೂರ್ತಿ ಮಾರಿ ಲೆಕ್ಕ ಮುಗಿಸಿದ ಮೇಲೆ ಕೊನೆಯ ಕಂತು. ಅಷ್ಟರಲ್ಲಿ ಗಿಡದಲ್ಲಿ ಮುಂದಿನ ಬೆಳೆ ಹಣ್ಣಾಗಿ ಕೊಯ್ಲಿಗೂ ಬಂದಿರುತ್ತಿತ್ತು.

ಲೆಕ್ಕ ಸುಲಭವಾಗಲೆಂದು ಸಣ್ಣ ಸಂಖ್ಯೆಗಳಲ್ಲಿ ನೋಡೋಣ. ಒಂದು ಪೂಲಿಗೆ ಎಲ್ಲ ಬೆಳೆಗಾರರಿಂದ ಒಟ್ಟು 1,000 ಪಾಯಿಂಟ್ ಬಂತು ಎಂದುಕೊಳ್ಳಿ. ಮಾರಿದ ಹಣ 25,000 ರೂಪಾಯಿ. ಅದರಲ್ಲಿ ಸುಂಕ, ಗೋದಾಮಿನ ಬಾಡಿಗೆ, ಸಾಗಣೆ, ಬಡ್ಡಿ ಎಲ್ಲ ಕಳೆದು 20,000 ಉಳಿಯಿತು. ಅಲ್ಲಿಗೆ ಪಾಯಿಂಟಿಗೆ 20 ರೂಪಾಯಿ. ನೀವು 30 ಪಾಯಿಂಟಿನಷ್ಟು ಕೊಟ್ಟಿದ್ದರೆ ನಿಮಗೆ 600. ಆ 600 ಕೂಡ ಮೂರೋ ನಾಲ್ಕೋ ಕಂತುಗಳಲ್ಲಿ. ನಿಮ್ಮ ಮೂಟೆ ರಫ್ತಿನ ಹರಾಜಿನಲ್ಲಿ ಒಳ್ಳೆಯ ಬೆಲೆಗೆ ಹೋಯಿತೋ, ದೇಶದೊಳಗಿನ ಹರಾಜಿನಲ್ಲಿ ಅಗ್ಗಕ್ಕೆ ಹೋಯಿತೋ ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾದರೂ ವ್ಯತ್ಯಾಸವಿಲ್ಲ, ಸಿಗುವುದು ಸರಾಸರಿಯೇ.

ಕಾನೂನಿನ ಕಣ್ಣಲ್ಲಿ ಪೂಲಿಗೆ ಹಾಕಿದ ಕಾಫಿ ಯಾರದ್ದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಬೋರ್ಡಿಗೆ ಖರೀದಿ ತೆರಿಗೆ ಹಾಕಿತ್ತು. ಇದು ಖರೀದಿಯೇ ಅಲ್ಲ, ಕಾನೂನಿನ ಕಡ್ಡಾಯದಿಂದ ಬೆಳೆಗಾರರು ಒಪ್ಪಿಸುತ್ತಿರುವುದು ಎಂದು ಬೋರ್ಡ್ ವಾದಿಸಿತು. 1988ರಲ್ಲಿ ಕೋರ್ಟ್ ಕೊಟ್ಟ ತೀರ್ಪು: ಕಡ್ಡಾಯವಾಗಿದ್ದರೂ ಇದು ಮಾರಾಟವೇ, ತೆರಿಗೆ ಕಟ್ಟಬೇಕು. ಬೆಲೆ ಎಷ್ಟೆಂದು ತಿಳಿಯದೆ, ಯಾರಿಗೆ ಕೊಡಬೇಕೆಂಬ ಆಯ್ಕೆಯಿಲ್ಲದೆ, ದುಡ್ಡು ಪೂರ್ತಿ ಬರುವುದು ಯಾವಾಗ ಎಂದು ಗೊತ್ತಿಲ್ಲದೆ ನಡೆಯುವ ಮಾರಾಟ. ಪೂಲ್ ವ್ಯವಸ್ಥೆಯನ್ನು ಒಂದೇ ಮಾತಿನಲ್ಲಿ ವಿವರಿಸು ಎಂದರೆ ನಾನು ಈ ತೀರ್ಪನ್ನೇ ತೋರಿಸುತ್ತೇನೆ.

ಇಷ್ಟಾದರೂ ಪೂಲ್ ಅರ್ಧ ಶತಮಾನ ಬಾಳಿತು. ಅದಕ್ಕೆ ಕಾರಣಗಳಿದ್ದವು. ಎರಡೆಕರೆ ತೋಟದವನಿಗೂ ಇನ್ನೂರೆಕರೆ ಎಸ್ಟೇಟಿನವನಿಗೂ ಪಾಯಿಂಟಿನ ಬೆಲೆ ಒಂದೇ. ಸಣ್ಣವನು ದಲ್ಲಾಳಿಯ ಮುಂದೆ ನಿಂತು ಅಂಗಲಾಚಬೇಕಿರಲಿಲ್ಲ. ಬ್ಯಾಂಕಿಗೆ ಪೂಲ್ ರಸೀದಿ ಎಂದರೆ ನಂಬಿಕೆ. ಜಗತ್ತಿನ ಬೆಲೆ ಕುಸಿದ ವರ್ಷ ಆ ಹೊಡೆತ ಎಲ್ಲರ ನಡುವೆ ಹಂಚಿಹೋಗಿ ಒಬ್ಬೊಬ್ಬರಿಗೆ ತಾಗುವುದು ಕಡಿಮೆಯಾಗುತ್ತಿತ್ತು. ಬೆಲೆ ಏರಿದ ವರ್ಷದ ಲಾಭವೂ ಹಾಗೆಯೇ ತೆಳುವಾಗುತ್ತಿತ್ತು, ಆ ಮಾತು ಬೇರೆ.

ಹೊರಗಿನ ಎರಡು ಆಸರೆಗಳು ಪೂಲನ್ನು ನಿಲ್ಲಿಸಿದ್ದವು. ಒಂದು, 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ. ಬೆಳೆಯುವ ಮತ್ತು ಕೊಳ್ಳುವ ದೇಶಗಳು ಕೂತು, ಯಾವ ದೇಶ ಎಷ್ಟು ರಫ್ತು ಮಾಡಬೇಕು ಎಂದು ಕೋಟಾ ಹಾಕಿಕೊಂಡಿದ್ದವು. ಕೋಟಾ ಇದ್ದ ಮೇಲೆ ಅದನ್ನು ದೇಶದೊಳಗೆ ಹಂಚಲು ಒಬ್ಬ ಯಜಮಾನ ಬೇಕೇ ಬೇಕು. ನಮ್ಮಲ್ಲಿ ಆ ಯಜಮಾನ ಬೋರ್ಡ್. ಇನ್ನೊಂದು, ಸೋವಿಯತ್ ಒಕ್ಕೂಟ. ಡಾಲರಿನ ಬದಲು ರೂಪಾಯಿಯಲ್ಲೇ ಲೆಕ್ಕ ತೀರಿಸುವ ‘ರೂಪಾಯಿ ವ್ಯಾಪಾರ’ದ ಒಪ್ಪಂದದಡಿ ಅದು ನಮ್ಮ ಕಾಫಿಯ ಬಹುದೊಡ್ಡ ಗಿರಾಕಿಯಾಗಿತ್ತು. ದರ್ಜೆ ಹೀಗಿರಬೇಕು, ಪರಿಮಳ ಹಾಗಿರಬೇಕು ಎಂದು ಇಟಲಿಯ ಕೊಳ್ಳುಗರಂತೆ ಪಟ್ಟು ಹಿಡಿಯುವ ಗಿರಾಕಿಯಲ್ಲ.

1989ರ ಜುಲೈನಲ್ಲಿ ಮೊದಲ ಆಸರೆ ಮುರಿಯಿತು. ಕೋಟಾ ವಿಷಯದಲ್ಲಿ ಒಮ್ಮತ ಬರದೆ ಒಪ್ಪಂದದ ಆ ಭಾಗವೇ ನಿಂತುಹೋಯಿತು. ಎಲ್ಲ ದೇಶಗಳೂ ಗೋದಾಮಿನಲ್ಲಿದ್ದುದನ್ನು ಮಾರುಕಟ್ಟೆಗೆ ಸುರಿದವು, ಕೆಲವೇ ತಿಂಗಳಲ್ಲಿ ಜಗತ್ತಿನ ಕಾಫಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 1991ರ ಡಿಸೆಂಬರಿನಲ್ಲಿ ಎರಡನೆಯದೂ ಹೋಯಿತು. ಸೋವಿಯತ್ ಒಕ್ಕೂಟವೇ ಇಲ್ಲವಾಯಿತು.

ಈ ಎರಡು ಘಟನೆಗಳ ನಡುವೆ ಬಂದು ಕೂತದ್ದು ಭಾರತದ ವಿದೇಶಿ ವಿನಿಮಯದ ಬಿಕ್ಕಟ್ಟು. ಸರ್ಕಾರ ವರ್ಷಗಟ್ಟಲೆ ಆದಾಯಕ್ಕಿಂತ ಹೆಚ್ಚು ಖರ್ಚು ಮಾಡಿತ್ತು, ಹೊರದೇಶಗಳಿಂದ ಅಲ್ಪಾವಧಿ ಸಾಲ ತಂದಿತ್ತು. 1990ರಲ್ಲಿ ಇರಾಕ್ ಕುವೈತಿಗೆ ನುಗ್ಗಿದಾಗ ತೈಲದ ಬೆಲೆ ಏರಿತು, ಕೊಲ್ಲಿಯಿಂದ ನಮ್ಮವರು ಕಳಿಸುತ್ತಿದ್ದ ಹಣಕ್ಕೂ ಕುತ್ತು ಬಂತು. 1991ರ ಮಧ್ಯದ ಹೊತ್ತಿಗೆ ದೇಶದ ಬಳಿ ಉಳಿದಿದ್ದ ಡಾಲರು ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟು. ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿನ ಕೈಸೇರಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರಗೆ ಅಡವಿಟ್ಟಿತು. ಮನೆಯ ಬಂಗಾರ ಒತ್ತೆಯಿಟ್ಟವರಿಗೆ ಇದರ ನೋವು ಬಿಡಿಸಿ ಹೇಳಬೇಕಾಗಿಲ್ಲ.

ಪಿ.ವಿ. ನರಸಿಂಹರಾವ್ ಪ್ರಧಾನಿಯಾಗಿ ಹತ್ತೇ ದಿನಕ್ಕೆ, ಜುಲೈ 1 ಮತ್ತು 3ರಂದು ಎರಡು ಹಂತದಲ್ಲಿ ರೂಪಾಯಿಯ ಬೆಲೆ ಇಳಿಸಲಾಯಿತು. ಡಾಲರಿಗೆ 21 ರೂಪಾಯಿ ಇದ್ದದ್ದು 26ರ ಹತ್ತಿರ ಹೋಯಿತು. ಜುಲೈ 24ರಂದು ಹೊಸ ಕೈಗಾರಿಕಾ ನೀತಿಯೂ ಬಜೆಟ್ಟೂ ಒಟ್ಟಿಗೆ ಬಂದವು. 18 ಉದ್ಯಮಗಳನ್ನು ಬಿಟ್ಟು ಉಳಿದವುಗಳಿಗೆ ಲೈಸೆನ್ಸ್ ಬೇಡವಾಯಿತು.

ಇದಕ್ಕೂ ಕಾಫಿ ಕಣಕ್ಕೂ ಏನು ಸಂಬಂಧ? ರೂಪಾಯಿ ಇಳಿದರೆ ರಫ್ತುದಾರನಿಗೆ ಲಾಭ. ಹೊರಗೆ ಒಂದು ಡಾಲರಿಗೆ ಮಾರಿದ್ದಕ್ಕೆ ಮೊದಲು 21 ರೂಪಾಯಿ ಬರುತ್ತಿದ್ದರೆ ಈಗ 26. ದೇಶಕ್ಕೆ ಡಾಲರು ಬೇಕಿತ್ತು. ಕಾಫಿ ಡಾಲರು ತರುವ ಬೆಳೆ. ಬೆಳೆಗಾರ ಹೆಚ್ಚು ಬೆಳೆಯಲಿ, ಚೆನ್ನಾಗಿ ಬೆಳೆಯಲಿ, ಹೊರಗೆ ಮಾರಲಿ ಎಂಬುದು ಇಡೀ ಸುಧಾರಣೆಯ ಆಸೆ. ಆದರೆ ಆ ಐದು ರೂಪಾಯಿಯ ಹೆಚ್ಚಳ ಬೆಳೆಗಾರನ ಕಿವಿಗೆ ಬೀಳಬೇಕಲ್ಲ? ಪೂಲಿನ ಸರಾಸರಿಯಲ್ಲಿ ಅದು ಕರಗಿ, ಕಂತಿನ ಮೇಲೆ ಕಂತು ತಡವಾಗಿ, ಅಷ್ಟರಲ್ಲಿ ಎರಡಂಕಿಗೆ ಏರಿದ್ದ ಹಣದುಬ್ಬರ ಒಂದಿಷ್ಟು ತಿಂದು, ಉಳಿದದ್ದು ಕೈಗೆ ಬರುತ್ತಿತ್ತು. ಬಾಗಿಲು ತೆರೆದರೂ ಒಳಗಿನ ಗೋಡೆ ಹಾಗೇ ಇದ್ದರೆ ಗಾಳಿ ಆಡುವುದಿಲ್ಲ. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರ ಸಂಘಟನೆಗಳು ಮುಕ್ತ ಮಾರಾಟ ಬೇಕೆಂದು ಆಗಲೇ ದನಿ ಎತ್ತಿದ್ದವು. ದೆಹಲಿಗೂ ಈಗ ಅದೇ ಬೇಕಾಗಿತ್ತು.

ಗೋಡೆಯನ್ನು ಒಂದೇ ದಿನ ಕೆಡವಲಿಲ್ಲ. 1992ರಲ್ಲಿ ಶೇ 30ರಷ್ಟು ಕಾಫಿಯನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಬೆಳೆಗಾರರಿಗೆ ಬಿಟ್ಟರು. ಮುಂದೆ ಅದು ‘ಫ್ರೀ ಸೇಲ್ ಕೋಟಾ’ ಆಯಿತು, ಪಾಲು ಶೇ 50ಕ್ಕೆ ಏರಿತು, ಹೊರದೇಶಕ್ಕೂ ಮಾರಬಹುದಾಯಿತು. ಆಮೇಲೆ ದೊಡ್ಡವರಿಗೆ ಶೇ 70, ಸಣ್ಣವರಿಗೆ ಪೂರ್ತಿ 100. 1996ರ ಸೆಪ್ಟೆಂಬರಿನಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಸ್ವಾತಂತ್ರ್ಯ ಸಿಕ್ಕಿತು.

ಈ ಹಂತಗಳ ಒಳಗಿನ ತರ್ಕ ಸ್ವಾರಸ್ಯದ್ದು, ಸುಧಾರಣೆಗಳ ಬಗ್ಗೆ ಬರೆಯುವವರು ಇದನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ಊರಿನ ಹಾಲಿನ ಡೈರಿಯನ್ನು ನೆನಪಿಸಿಕೊಳ್ಳಿ. ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದು, ಎಲ್ಲರಿಗೂ ಒಂದೇ ದರ ಕೊಡುವ ಡೈರಿ ಇದೆ ಎನ್ನಿ. ಒಂದು ದಿನ ‘ಮೂರನೇ ಒಂದು ಭಾಗ ಹಾಲನ್ನು ಹೊರಗೆ ಮಾರಿಕೊಳ್ಳಿ’ ಎಂದು ಅಪ್ಪಣೆಯಾಗುತ್ತದೆ. ಯಾವ ಹಾಲು ಹೊರಗೆ ಹೋಗುತ್ತದೆ? ಗಟ್ಟಿ ಹಾಲು. ಕ್ಯಾನಿಗೆ ಬೀಳುವುದು ತೆಳು ಹಾಲು. ಕ್ಯಾನಿನ ಸರಾಸರಿ ಇಳಿಯುತ್ತದೆ, ದರವೂ ಇಳಿಯುತ್ತದೆ. ಅಲ್ಲಿವರೆಗೆ ಡೈರಿ ಬಿಡಬಾರದು ಎನ್ನುತ್ತಿದ್ದವರೂ ಹೊರಗೆ ಹೋಗುವ ಯೋಚನೆ ಮಾಡುತ್ತಾರೆ. ಕಾಫಿ ಪೂಲಿನಲ್ಲಿ ದರ್ಜೆಯ ಪಾಯಿಂಟ್ ಇತ್ತು ನಿಜ, ಆದರೂ ಹೊರಗೆ ಒಳ್ಳೆಯ ಬೆಲೆಯಿದ್ದಾಗ ಒಳ್ಳೆಯದನ್ನು ಪೂಲಿಗೆ ಹಾಕುವ ಮನಸ್ಸು ಯಾರಿಗೆ ಬರುತ್ತದೆ? ಹೀಗೆ ಕಡ್ಡಾಯದ ಮೇಲೆ ನಿಂತ ವ್ಯವಸ್ಥೆಗೆ ಮೂವತ್ತು ಭಾಗ ವಿನಾಯಿತಿ ಕೊಟ್ಟ ದಿನವೇ ಅದರ ಉಳಿದ ಎಪ್ಪತ್ತು ಭಾಗಕ್ಕೂ ಗೆದ್ದಲು ಹಿಡಿಯಿತು. ಮುಂದಿನ ಹಂತಗಳು ಅದನ್ನು ಒಪ್ಪಿಕೊಂಡ ದಾಖಲೆಗಳಷ್ಟೆ.

ಅದೃಷ್ಟವೂ ಕೂಡಿಬಂತು. 1994ರ ಜೂನ್, ಜುಲೈನಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಎರಡು ಸಲ ಹಿಮ ಬಿತ್ತು. ಜಗತ್ತಿನ ಬೆಲೆ ಕೆಲವೇ ವಾರಗಳಲ್ಲಿ ಎರಡು ಪಟ್ಟು ದಾಟಿತು. ಅರ್ಧ ಶತಮಾನದಲ್ಲಿ ಮೊದಲ ಸಲ ತಮ್ಮ ಕಾಫಿಯನ್ನು ತಾವೇ ಮಾರುತ್ತಿದ್ದ ಬೆಳೆಗಾರರ ಅಂಗಳಕ್ಕೆ ಆ ಬೆಲೆ ನೇರವಾಗಿ ಬಂದು ನಿಂತಿತು. ಅದೇ ಬೆಲೆ ಐದು ವರ್ಷ ಮೊದಲು ಬಂದಿದ್ದರೆ ಪೂಲಿನ ಕಂತುಗಳಲ್ಲಿ ಹನಿಹನಿಯಾಗಿ ಸಿಗುತ್ತಿತ್ತು. ಆ ಎರಡು ಮೂರು ವರ್ಷಗಳಲ್ಲಿ ಮಲೆನಾಡಿನ ಊರುಗಳು ಬದಲಾದದ್ದನ್ನು ಕಂಡವರಿಗೆ ವಿವರಿಸುವುದೇ ಬೇಡ. ಹಂಚಿನ ಮನೆ ಇದ್ದಲ್ಲಿ ತಾರಸಿ ಬಂತು, ಹಳೆಯ ಸಾಲ ತೀರಿತು, ಮಕ್ಕಳು ಮೈಸೂರು ಬೆಂಗಳೂರಿನ ಹಾಸ್ಟೆಲುಗಳಿಗೆ ಹೋದರು, ಹಣ್ಣಿನ ತಿರುಳು ಬಿಡಿಸುವ ಪಲ್ಪರ್ ಹೌಸು ಹೊಸದಾಯಿತು. 1990-91ರಲ್ಲಿ ಸುಮಾರು 1.7 ಲಕ್ಷ ಟನ್ ಇದ್ದ ದೇಶದ ಕಾಫಿ ಬೆಳೆ 2000-01ರಲ್ಲಿ 3 ಲಕ್ಷ ಟನ್ ಮುಟ್ಟಿತು.

ಬೋರ್ಡಿನ ಬಾಗಿಲು ದಾಟದೆ ವ್ಯಾಪಾರ ಮಾಡುವ ಹೊಸ ಸಂಸ್ಥೆಗಳೂ ಹುಟ್ಟಿದವು. ಚಿಕ್ಕಮಗಳೂರಿನ ಬೆಳೆಗಾರ ಕುಟುಂಬದ ವಿ.ಜಿ. ಸಿದ್ಧಾರ್ಥ 1993ರಲ್ಲಿ ಕಾಫಿ ವ್ಯಾಪಾರದ ಕಂಪನಿ ಶುರುಮಾಡಿದ್ದು ಈ ತೆರೆದ ಕಿಂಡಿಯಲ್ಲೇ. 1996ರಲ್ಲಿ, ಪೂಲ್ ಪೂರ್ತಿ ಕಣ್ಮುಚ್ಚಿದ ವರ್ಷವೇ, ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ತೆರೆಯಿತು. ಪೂಲ್ ಇದ್ದಿದ್ದರೆ ತೋಟದಿಂದ ಲೋಟದವರೆಗೆ ಒಂದೇ ಸಂಸ್ಥೆ ಕಾಫಿಯನ್ನು ಒಯ್ಯುವುದು ಆಗದ ಮಾತಾಗಿತ್ತು.

ಇಲ್ಲಿಗೇ ಕಥೆ ನಿಲ್ಲಿಸಿದರೆ ಸುಧಾರಣೆಯ ಜಯಗಾಥೆ ಆಗುತ್ತದೆ. ಆದರೆ 1997ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಪೌಂಡಿಗೆ 3 ಡಾಲರು ದಾಟಿದ್ದ ಅರೇಬಿಕಾ (ರೋಬಸ್ಟಾದಂತೆ ಕಾಫಿಯ ಇನ್ನೊಂದು ಮುಖ್ಯ ಬಗೆ), 2001ರ ಕೊನೆಯ ಹೊತ್ತಿಗೆ 50 ಸೆಂಟಿಗಿಂತ ಕೆಳಗಿತ್ತು. ಆರರಲ್ಲಿ ಒಂದು ಭಾಗಕ್ಕಿಂತ ಕಡಿಮೆ! ಹತ್ತು ವರ್ಷದ ಹಿಂದೆ ಕಾಫಿ ಲೆಕ್ಕಕ್ಕೇ ಇಲ್ಲದ ವಿಯೆಟ್ನಾಂ ರೋಬಸ್ಟಾ ನೆಟ್ಟು ನೆಟ್ಟು ಬ್ರೆಜಿಲಿನ ನಂತರದ ಸ್ಥಾನಕ್ಕೆ ಬಂದಿತ್ತು. ಬ್ರೆಜಿಲಿನಲ್ಲೂ ಹೊಸ ತೋಟಗಳು ಫಲ ಕೊಡಲು ಶುರುಮಾಡಿದ್ದವು. 1994ರ ಬೆಲೆ ನೋಡಿ ಜಗತ್ತೆಲ್ಲ ಗಿಡ ನೆಟ್ಟಿತ್ತು. ಕಾಫಿ ಗಿಡ ನೆಟ್ಟ ವರ್ಷಕ್ಕೆ ಬೆಳೆ ಕೊಡುವುದಿಲ್ಲ, ಮೂರು ನಾಲ್ಕು ವರ್ಷ ಬೇಕು. ಬೆಲೆ ಒಳ್ಳೆಯದಿದ್ದಾಗ ನೆಟ್ಟದ್ದು ಬೆಲೆ ಬೀಳಿಸುವ ಹೊತ್ತಿಗೆ ಹಣ್ಣು ಬಿಡುತ್ತದೆ. ಈ ಚಕ್ರ ಕಾಫಿಯ ಗುಣದಲ್ಲೇ ಇದೆ, ಯಾವ ಸರ್ಕಾರ ತಂದದ್ದೂ ಅಲ್ಲ. ಪೂಲ್ ಇದ್ದಾಗ ಆ ಚಕ್ರದ ಏಟಿಗೂ ಬೆಳೆಗಾರನಿಗೂ ನಡುವೆ ಒಂದು ದಿಂಬು ಇತ್ತು. ಈಗ ಇರಲಿಲ್ಲ.

ಕೊಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ ಬಂತು. ನಷ್ಟ ಎಲ್ಲರಿಗೂ ಆದರೂ ಒಂದೇ ಬಗೆಯಲ್ಲಿ ಆಗಲಿಲ್ಲ, ಮುಖ್ಯವಾದ ಮಾತು ಇದು. ದೊಡ್ಡ ಎಸ್ಟೇಟಿನವರು ಕುಶಾಲನಗರದಲ್ಲೋ ಹಾಸನದಲ್ಲೋ ಕ್ಯೂರಿಂಗ್ ವರ್ಕ್ಸಿನಲ್ಲಿ ಮಾಲು ಇಟ್ಟು, ಅದರ ಮೇಲೆ ಬ್ಯಾಂಕ್ ಸಾಲ ತೆಗೆದು, ಬೆಲೆ ಚೇತರಿಸಲಿ ಎಂದು ಕಾಯಬಲ್ಲರು. ಮೂರೆಕರೆಯವನಿಗೆ ಕಾಯಲು ಪುರುಸೊತ್ತೆಲ್ಲಿ? ಜನವರಿಯಲ್ಲಿ ಹಣ್ಣು ಕುಯ್ದವರಿಗೆ ವಾರದ ಕೂಲಿ ಕೊಡಬೇಕು, ಸೊಸೈಟಿಯ ಸಾಲ ಮಾರ್ಚಿಗೆ ಕಟ್ಟಬೇಕು, ಗೊಬ್ಬರದ ಅಂಗಡಿಯ ಉದ್ರಿ ಬೇರೆ. ಅವನು ಮಾರುವುದು ಎಲ್ಲರೂ ಮಾರುವ ಹೊತ್ತಿನಲ್ಲಿ, ಬೆಲೆ ಅತಿ ಕೆಳಗಿರುವ ವಾರಗಳಲ್ಲಿ. ದೇಶದ ಕಾಫಿ ಬೆಳೆಗಾರರ ಪೈಕಿ ಶೇ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿನೊಳಗಿನ ಸಣ್ಣವರೇ. ಮಾರುವ ಸ್ವಾತಂತ್ರ್ಯ ಇಬ್ಬರಿಗೂ ಕಾಗದದ ಮೇಲೆ ಒಂದೇ. ಕಾಯುವ ಶಕ್ತಿ ಮಾತ್ರ ಒಬ್ಬರಿಗೇ ಇತ್ತು.

ಇವರಿಬ್ಬರಿಗಿಂತಲೂ ಕೆಳಗೆ, ಈ ಇಡೀ ಚರ್ಚೆಯಲ್ಲಿ ಹೆಸರೇ ಬಾರದವರು ತೋಟದ ಕೂಲಿಯವರು. ಪೂಲ್ ಇರಬೇಕೇ ಬೇಡವೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಬೆಲೆ ಬಿದ್ದಾಗ ಮಾಲೀಕ ಮೊದಲು ನಿಲ್ಲಿಸುವುದು ಗಿಡದ ರೆಂಬೆ ಸವರುವ ಕಸಿ, ನೆರಳು ತೆಗೆಯುವುದು, ಕಳೆ. ಅಂದರೆ ಲೈನ್ ಮನೆಗಳಲ್ಲಿರುವವರ ದಿನಗೂಲಿ. ಬೆಲೆಯ ಏರಿಳಿತವನ್ನು ಮಾರುಕಟ್ಟೆಗೆ ಬಿಟ್ಟೆವು ಎಂದಾಗ ಆ ಏರಿಳಿತ ಕೊನೆಗೆ ಹೋಗಿ ಬೀಳುವುದು ಯಾರ ಬೆನ್ನಿನ ಮೇಲೆ ಎಂದು ನೋಡದ ಸುಧಾರಣೆ ಅರ್ಧ ಸುಧಾರಣೆ ಎಂದೇ ನಾನು ನಂಬಿದ್ದೇನೆ.

ಸರ್ಕಾರ ಸುಮ್ಮನೆ ಕೂರಲಿಲ್ಲ. ಸಾಲದ ಅವಧಿ ವಿಸ್ತರಿಸಿತು. 2003ರಲ್ಲಿ ಕಾಫಿ, ಚಹಾ, ರಬ್ಬರ್, ತಂಬಾಕು ಬೆಳೆಯುವ ಸಣ್ಣ ರೈತರಿಗಾಗಿ 500 ಕೋಟಿ ರೂಪಾಯಿಯ ಬೆಲೆ ಸ್ಥಿರೀಕರಣ ನಿಧಿ ಸ್ಥಾಪಿಸಿತು. ಒಳ್ಳೆಯ ವರ್ಷ ಬೆಳೆಗಾರ ಸ್ವಲ್ಪ ಹಾಕಬೇಕು, ಕೆಟ್ಟ ವರ್ಷ ನಿಧಿಯಿಂದ ಸ್ವಲ್ಪ ಸಿಗಬೇಕು, ಇದು ಅದರ ಸೂತ್ರ. ಆದರೆ ಸೇರಿದವರು ಕಡಿಮೆ, ಸಿಕ್ಕ ನೆರವು ಇನ್ನೂ ಕಡಿಮೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ, ಬೆಲೆ ನೆಲ ಕಚ್ಚಿದ ಮೇಲೆ ಬಂದ ನಿಧಿ ಅದು. ಪೂಲ್ ಮುಚ್ಚುತ್ತಿದ್ದ 1994-97ರ ಚಿನ್ನದಂಥ ವರ್ಷಗಳಲ್ಲೇ ಇಂಥದೊಂದನ್ನು ಕಟ್ಟಿದ್ದರೆ ಅದಕ್ಕೆ ಹಾಕಲು ಬೆಳೆಗಾರನ ಕೈಯಲ್ಲಿ ದುಡ್ಡೂ ಇರುತ್ತಿತ್ತು. 2010ರಲ್ಲಿ ಸಾಲ ಪರಿಹಾರದ ಪ್ಯಾಕೇಜು ಬಂತು. ಅದೂ ಗಾಯಕ್ಕೆ ಪಟ್ಟಿ.

ಬೇರೆ ದಾರಿ ಇರಲಿಲ್ಲವೇ? ಬ್ರೆಜಿಲ್ 1990ರಲ್ಲಿ ತನ್ನ ಕಾಫಿ ಸಂಸ್ಥೆಯನ್ನು ಒಂದೇ ಏಟಿಗೆ ರದ್ದು ಮಾಡಿತು. ಅಲ್ಲಿ ದೊಡ್ಡ ತೋಟ, ಯಂತ್ರದ ಕೊಯ್ಲು, ತಡೆದುಕೊಂಡರು. ಕೊಲಂಬಿಯಾ ಹಾಗೆ ಮಾಡಲಿಲ್ಲ. 1927ರಲ್ಲಿ ಬೆಳೆಗಾರರೇ ಕಟ್ಟಿಕೊಂಡ ಅಲ್ಲಿನ ಒಕ್ಕೂಟ ಇಂದಿಗೂ ‘ಖರೀದಿ ಖಾತರಿ’ ಕೊಡುತ್ತದೆ. ಬೆಳೆಗಾರ ಯಾರಿಗೆ ಬೇಕಾದರೂ ಮಾರಬಹುದು. ಯಾರೂ ಸರಿಯಾದ ದರ ಕೊಡದಿದ್ದರೆ ಅಂದಿನ ಮಾರುಕಟ್ಟೆ ದರಕ್ಕೆ ಒಕ್ಕೂಟ ಕೊಳ್ಳಲೇಬೇಕು, ನಗದು ಕೊಡಲೇಬೇಕು. ಇದರಿಂದ ಜಗತ್ತಿನ ಬೆಲೆ ಏರುವುದಿಲ್ಲ ನಿಜ. ಆದರೆ ಗುಡ್ಡದ ಮೇಲಿನ ಸಣ್ಣ ರೈತನಿಗೆ ದಲ್ಲಾಳಿ ಮೋಸದ ದರ ಹೇಳಲಾರ, ಏಕೆಂದರೆ ಪಕ್ಕದ ಊರಿನಲ್ಲೇ ಇನ್ನೊಬ್ಬ ಕೊಳ್ಳುವವನಿದ್ದಾನೆ. ಕಡ್ಡಾಯವನ್ನು ತೆಗೆದು ಆಸರೆಯನ್ನು ಉಳಿಸಿಕೊಳ್ಳಬಹುದಿತ್ತು ಎಂದು ನಾನು ಹೇಳುವುದು ಇದನ್ನು ಕಂಡೇ. ನಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹೊರಗಿಟ್ಟೆವು.

ಇಷ್ಟು ಹೇಳಿದ ಮೇಲೆ, ಪೂಲ್ ಮರಳಿ ಬರಲಿ ಎನ್ನುವವನು ನಾನಲ್ಲ. ಬೆಳೆಗಾರರಲ್ಲೂ ಹಾಗೆ ಕೇಳುವವರು ಸಿಗುವುದು ಕಷ್ಟ. ತನ್ನ ತೋಟದ ಹೆಸರನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಿಸಿ ಮಾರುವ ಯುವಕರು ಇಂದು ಸಕಲೇಶಪುರದಲ್ಲೂ ಮೂಡಿಗೆರೆಯಲ್ಲೂ ಮಡಿಕೇರಿಯಲ್ಲೂ ಇದ್ದಾರೆ. ಹಣ್ಣನ್ನು ಹದವಾಗಿ ಕೆಂಪಾದಾಗಲೇ ಆರಿಸಿ ಕುಯ್ದು, ಎತ್ತರಿಸಿದ ಮಂಚದ ಮೇಲೆ ಒಣಗಿಸಿ, ಹುದುಗು ಬರಿಸುವುದರಲ್ಲಿ ಹೊಸ ಹೊಸ ಪ್ರಯೋಗ ಮಾಡುತ್ತಾರೆ. ಒಂದೊಂದು ತೋಟದ ಕಾಫಿಗೂ ಬೇರೆ ಬೇರೆ ರುಚಿಯಿದೆ ಎಂಬುದೇ ಪೂಲ್ ಕಾಲದಲ್ಲಿ ಬೆಲೆಯಿಲ್ಲದ ಸತ್ಯವಾಗಿತ್ತು. ಎಲ್ಲವೂ ಒಂದೇ ರಾಶಿಗೆ ಸೇರುವಾಗ ಆ ಶ್ರಮ ಯಾರಿಗಾಗಿ?

ಕಾಫಿ ಬೋರ್ಡೂ ಹೋಗಲಿಲ್ಲ, ಕೆಲಸ ಬದಲಾಯಿತು. ಕೊಳ್ಳುವ ಮಾರುವ ವಿಭಾಗ ಮುಚ್ಚಿ, ಸಂಶೋಧನೆ, ಸಬ್ಸಿಡಿ, ರಫ್ತಿನ ಪರವಾನಗಿ, ಪ್ರಚಾರ ಉಳಿದವು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಇಂದಿಗೂ ಹೊಸ ತಳಿ, ಕಾಂಡಕೊರಕದ ಹತೋಟಿ ಎಂದು ದುಡಿಯುತ್ತಿದೆ. ಕಾಡು ಕಡಿದು ಬೆಳೆದ ಕಾಫಿ ಬೇಡ ಎಂದು ಯುರೋಪಿಯನ್ ಒಕ್ಕೂಟ ಕಾನೂನು ಮಾಡಿರುವುದರಿಂದ, ಯಾವ ಮೂಟೆ ಯಾವ ಜಮೀನಿನದ್ದು ಎಂದು ನಕ್ಷೆಯ ಸಮೇತ ತೋರಿಸಬೇಕಾಗಿದೆ. ಆ ಕಾನೂನಿನ ಜಾರಿ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಆದರೂ ಸಣ್ಣ ಬೆಳೆಗಾರರನ್ನು ನೋಂದಾಯಿಸುವ ಕೆಲಸ ನಡೆಯಲೇಬೇಕು, ಅದು ಒಬ್ಬೊಬ್ಬರಾಗಿ ಮಾಡಿಕೊಳ್ಳುವಂಥದ್ದಲ್ಲ. ಒಟ್ಟಿಗೆ ನಿಲ್ಲಿಸುವ ಸಂಸ್ಥೆಯೊಂದರ ಅಗತ್ಯ ಬೇರೆ ವೇಷದಲ್ಲಿ ಮತ್ತೆ ಬಂದಿದೆ.

ಕಳೆದ ಎರಡು ಮೂರು ವರ್ಷ ಬೆಲೆ ಮತ್ತೆ ಮೇಲೇರಿತು. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಂದು ಬೆಳೆ ಕೈಕೊಟ್ಟಾಗ, 2025ರ ಫೆಬ್ರುವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರು ದಾಟಿತು. ರೋಬಸ್ಟಾ ಕೂಡ ಹಿಂದೆಂದೂ ಕಾಣದ ಎತ್ತರ ಕಂಡಿತು. 2024-25ರಲ್ಲಿ ದೇಶದ ಕಾಫಿ ರಫ್ತು 180 ಕೋಟಿ ಡಾಲರಿನ ಮಟ್ಟ ಮುಟ್ಟಿತು. ಮತ್ತೆ ಊರೂರಲ್ಲಿ ಹೊಸ ರೋಬಸ್ಟಾ ಗಿಡ ನೆಡುತ್ತಿದ್ದಾರೆ, ನರ್ಸರಿಯಲ್ಲಿ ಸಸಿಗೆ ಬೇಡಿಕೆ. ಈ ಗಿಡಗಳು ಫಲ ಕೊಡುವ ವರ್ಷ ಬೆಲೆ ಹೇಗಿರುತ್ತದೋ, ಕೆಳಗಿದ್ದರೆ ಹಿಡಿದುಕೊಳ್ಳಲು ಯಾವ ನಿಧಿಯಿದೆಯೋ ಎಂದು ಕೇಳಬೇಕಾದದ್ದು ಈಗ, ಬೆಲೆ ಮೇಲಿರುವಾಗ.

ಕಣದ ಆ ಮಧ್ಯಾಹ್ನಕ್ಕೆ ಮರಳಿದರೆ, ಬೆಳೆಗಾರನ ಕೈಯಲ್ಲಿ ಮೊಬೈಲ್ ಇದೆ. ಲಂಡನ್ನಿನ ರೋಬಸ್ಟಾ ದರ, ಡಾಲರಿನ ಬೆಲೆ ಎರಡನ್ನೂ ಬೆಳಿಗ್ಗೆಯೇ ನೋಡಿದ್ದಾನೆ. ವ್ಯಾಪಾರಿ ಹೇಳಿದ ದರ ಅದಕ್ಕಿಂತ ಎಷ್ಟು ಕಡಿಮೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾನೆ. ಇನ್ನೊಂದು ತಿಂಗಳು ಕಾದರೆ ಏರಬಹುದು, ಇಳಿಯಲೂಬಹುದು. 1942ರ ಕಾಯ್ದೆ ಇಂದಿಗೂ ಪುಸ್ತಕದಲ್ಲಿದೆ, ಅದರೊಳಗೆ ಪೂಲಿನ ಕಲಮುಗಳೂ ಇವೆ. ಅದನ್ನು ತೆಗೆದು ಹೊಸದು ತರಲು ವಾಣಿಜ್ಯ ಸಚಿವಾಲಯ 2022ರಲ್ಲಿ ಕರಡು ಮಸೂದೆ ಹೊರಡಿಸಿತ್ತು. ಇದ್ಯಾವುದೂ ಅವನ ತಲೆಯಲ್ಲಿಲ್ಲ. ನಾಳೆ ಶನಿವಾರ, ಕುಯ್ಲಿನವರಿಗೆ ಬಟವಾಡೆ. ಇಪ್ಪತ್ತು ಮೂಟೆಯಲ್ಲಿ ಹನ್ನೆರಡನ್ನು ಕೊಟ್ಟು, ಎಂಟನ್ನು ಮನೆಯ ಅಟ್ಟದ ಕೆಳಗೆ ಇರಿಸುವುದೆಂದು ತೀರ್ಮಾನಿಸುತ್ತಾನೆ.